ಛಾವಣಿ ಹತ್ತುವವರು

ಫೆಬ್ರವರಿ 9

ಪ್ರೀತಿಯ ಮಾವ,

ಫೋನಿನಲ್ಲಿ ನೀನು "ಹೂಂ", "ಊಟ ಆಯ್ತಾ", "ಅಮ್ಮನಿಗೆ ಕೊಡು" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಕಾಗದ ಎಂದರೆ ಮಾತ್ರ ನೀನು ಬಾಯಿ ಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಹೋಯಿತು. ಹೋಯಿತು ಎಂದರೆ ಯಾರೂ ತೆಗೆದುಹಾಕಲಿಲ್ಲ, ಏಜೆನ್ಸಿಯವರು ಕರೆಯುವುದನ್ನು ನಿಲ್ಲಿಸಿದರು ಅಷ್ಟೆ. ಆದರೆ ಸಂಜೆ ನಾನು ಸುಮ್ಮನೆ ಕೂತಿಲ್ಲ. ನಿನಗೆ ನಮ್ಮ ವರ್ಕ್‌ಶಾಪ್ ಮೇಡಂ ನೆನಪಿದ್ದಾರಲ್ಲ, ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಿದ್ದವರು? ನಿವೃತ್ತಿಯಾದ ಮೇಲೆ ತಮ್ಮ ಮನೆಯ ಹಿಂದಿನ ಶೆಡ್ ತೆರೆದು, ಕ್ವಾರ್ಟರ್ಸಿನ ನಮ್ಮಂಥವರಿಗೆ ಸೋಲಾರ್ ಪ್ಯಾನೆಲ್ ಕೂರಿಸುವ ಕೆಲಸ ಕಲಿಸುತ್ತಿದ್ದಾರೆ. ಒಂದು ಸ್ಕ್ರೂ ಓರೆಯಾದರೂ ಬಿಚ್ಚಿಸಿ ಮತ್ತೆ ಹಾಕಿಸುತ್ತಾರೆ. ಬೈಯುವುದಿಲ್ಲ, ಕನ್ನಡಕ ತೆಗೆದು ಒರೆಸುತ್ತಾರೆ. ಬೈದರೇ ವಾಸಿ ಅನ್ನಿಸುತ್ತದೆ.

ಈಗ ಸುದ್ದಿ. ಊರಿನ ಶಾಲೆ, ಆಸ್ಪತ್ರೆ, ಗ್ರಂಥಾಲಯಗಳ ಛಾವಣಿಗಳ ಮೇಲೆಲ್ಲ ನಗರಸಭೆ ಪ್ಯಾನೆಲ್ ಹಾಕಿಸುತ್ತದಂತೆ. ಎರಡು ವರ್ಷದ ಕೆಲಸ. ಹೊರಗಿನ ಯಾವುದೋ ದೊಡ್ಡ ಕಂಪನಿಗೆ ಕೊಡುವ ಮಾತು ನಡೆದಿದೆ, ಹೆಸರು ಇನ್ನೂ ಹೊರಬಿದ್ದಿಲ್ಲ, ಅವರು ತಮ್ಮದೇ ಆಳುಗಳನ್ನು ಕರೆತರುತ್ತಾರಂತೆ. ದೀಪದ ಬುಡದಲ್ಲೇ ಕತ್ತಲೆ ನೋಡು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ನಡೆಯುತ್ತಿದ್ದಾಗ ಊರಿಗೆಲ್ಲ ಬೆಳಕು ಕೊಟ್ಟವರು ನಮ್ಮ ಕ್ವಾರ್ಟರ್ಸಿನವರು. ಅದು ಮುಚ್ಚಿದ ಮೇಲೆ ಇಲ್ಲಿಯ ಹುಡುಗ ಹುಡುಗಿಯರು ಪಾರ್ಸೆಲ್ ಹಂಚುತ್ತಾ, ಇಲ್ಲವೇ ಊರು ಬಿಡುತ್ತಾ ಇದ್ದಾರೆ. ಈ ಕೆಲಸದಲ್ಲಿ ಅರ್ಧ ನಮಗೆ ಕೊಡಬೇಕೆಂದು ಟೆಂಡರಿನಲ್ಲೇ ಷರತ್ತು ಹಾಕಿ ಎಂದು ಕೇಳಲು ಹೊರಟಿದ್ದೇವೆ. ಪತ್ರಿಕೆಯವರು ಇದನ್ನು 'ಹಸಿರು ಉದ್ಯೋಗ' ಎನ್ನುತ್ತಾರೆ. ನಮ್ಮ ಉದ್ದಣ್ಣ (ಅವನು ಎದ್ದು ನಿಂತರೆ ಶೆಡ್ಡಿನ ಟ್ಯೂಬ್‌ಲೈಟಿಗೆ ತಲೆ ತಾಗುತ್ತದೆ) ಗಂಭೀರವಾಗಿ ಕೇಳಿದ, "ಯೂನಿಫಾರಂ ಹಸಿರಾ?"

ನೀನು ಇದೇ ಕೆಲಸದಲ್ಲಿ ಪಳಗಿದವನು. ಏನನ್ನಿಸುತ್ತದೆ, ಬರೆ.

ನಿನ್ನ
ಚೂಟಿ


ಮಾರ್ಚ್ 3

ಚೂಟಿ,

ನಿನ್ನ ಕಾಗದವನ್ನು ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡು ಓದಿದೆ. ಇಲ್ಲಿ ಗಾಳಿ ಜೋರು, ಓದಿ ಮುಗಿಸುವಷ್ಟರಲ್ಲಿ ಎರಡು ಸಲ ಹಾರಿಹೋಯಿತು. ಎರಡು ಸಲವೂ ಓಡಿ ಹಿಡಿದೆ. ನಮ್ಮ ಹುಡುಗರು ಹಣವೇನೋ ಎಂದುಕೊಂಡರು.

ಮೇಡಂ ಬಳಿ ಕಲಿಯುತ್ತಿರುವುದು ಕೇಳಿ ಬಹಳ ಹಿಗ್ಗಾಯಿತು. ಓರೆ ಸ್ಕ್ರೂ ಬಿಚ್ಚಿಸುವವರು ಸಿಗುವುದೇ ಅಪರೂಪ, ಅವರನ್ನು ಬಿಡಬೇಡ.

ಟೆಂಡರು ಯಾವಾಗ ತೆರೆಯುತ್ತಾರೆ? ಛಾವಣಿಗಳ ಅಳತೆಗೆ ಯಾರಾದರೂ ಬಂದಿದ್ದರೇ? ಸುಮ್ಮನೆ ಕೇಳುತ್ತಿದ್ದೇನೆ.

ನಿಮ್ಮ ಮನೆಯ ಮೇಲಿನ ಕೋಣೆ ಬಾಡಿಗೆಗೆ ಹೋಗಿದೆಯೇ? ಹೋಗಿಲ್ಲದಿದ್ದರೆ ಸದ್ಯಕ್ಕೆ ಖಾಲಿಯೇ ಇರಲಿ. ಅಕ್ಕನ ಬೆನ್ನುನೋವು ಹೇಗಿದೆ?

ನಿನ್ನ ಮಾವ


ಏಪ್ರಿಲ್ 14

ಪ್ರೀತಿಯ ಮಾವ,

ನಿನ್ನ ದೂರದೃಷ್ಟಿಗೆ ಏನು ಹೇಳಲಿ. ಮೇಲಿನ ಕೋಣೆ ಖಾಲಿ ಇರಲಿ ಎಂದು ನೀನು ಬರೆದದ್ದು ನಮ್ಮ ಸಭೆಗೆ ಎಂದು ನನಗೆ ತಕ್ಷಣ ಹೊಳೆಯಿತು. ಬೋರ್ಡು, ಕೋಲು, ಬಣ್ಣದ ಡಬ್ಬಿ ಎಲ್ಲವನ್ನೂ ಅಲ್ಲಿ ಒಟ್ಟಿದೆವು. ಅಮ್ಮ ಆಸ್ಪತ್ರೆಯ ಲಾಂಡ್ರಿಯಿಂದ ಬಂದವಳೇ ಎಲ್ಲವನ್ನೂ ಮೆಟ್ಟಿಲ ಕೆಳಗೆ ಸಾಗಿಸಿಬಿಟ್ಟಳು. ಅಷ್ಟೇ ಅಲ್ಲ, ಆ ಭಾನುವಾರ ತಾನೇ ನಿಂತು ಕೋಣೆಗೆ ತಿಳಿನೀಲಿ ಬಣ್ಣ ಬಳಿದಳು, ಬೆನ್ನುನೋವು ಇಟ್ಟುಕೊಂಡು. "ಯಾರಿಗಮ್ಮ ಇದು?" ಎಂದರೆ "ಗೋಡೆಗೆ" ಎಂದಳು. ವಯಸ್ಸಾಗುತ್ತಿದೆ, ಪಾಪ.

ಮನೆಮನೆಗೆ ಹೋಗಿ ಸಹಿ ಕೇಳುತ್ತಿದ್ದೇವೆ. ಒಬ್ಬ ಅಜ್ಜ ಬಾಗಿಲಲ್ಲೇ ಕೂರಿಸಿಕೊಂಡು ಸ್ಥಾವರದ ಕಥೆಯನ್ನೆಲ್ಲ ಹೇಳಿ, ಕೊನೆಗೆ "ಬಿಸಿಲಿನಿಂದ ಕರೆಂಟು ಅನ್ನೋದನ್ನ ನಾನು ನಂಬಲ್ಲ, ಆದ್ರೆ ನಿನ್ನನ್ನ ನಂಬ್ತೀನಿ" ಎಂದು ಸಹಿ ಹಾಕಿದರು. ಮೇಡಂ ನಮ್ಮ ಜೊತೆ ಎಲ್ಲ ಮೆಟ್ಟಿಲನ್ನೂ ಹತ್ತುತ್ತಾರೆ. ಈ ವಯಸ್ಸಿನಲ್ಲಿ ಇವರಿಗೆ ಏನು ಬೇಕಿತ್ತು ಎಂದು ಜನ ಕೇಳಿದರೆ, "ನನ್ನ ಹಳೇ ವಿದ್ಯಾರ್ಥಿಗಳು ಪಾರ್ಸೆಲ್ ತಂದು ಕೊಟ್ಟಾಗ ಸಹಿ ಹಾಕಿ ಹಾಕಿ ಸಾಕಾಗಿದೆ" ಎನ್ನುತ್ತಾರೆ.

ಜುಲೈ ಮೊದಲಿಗೆ ನಗರಸಭೆಯಲ್ಲಿ ಅಹವಾಲು ಕೇಳುತ್ತಾರೆ. ನಿನ್ನಿಂದ ಒಂದು ಉಪಕಾರ ಆಗಬೇಕು. 'ನಾನು ಇದೇ ಕ್ವಾರ್ಟರ್ಸಿನವನು, ಈ ಕೆಲಸದಲ್ಲಿ ಫೋರ್‌ಮನ್, ಈ ಮಕ್ಕಳು ಕಲಿಯಬಲ್ಲರು' ಎಂದು ಒಂದು ಪುಟ ಬರೆದುಕೊಡು. ನಾನು ಅಲ್ಲಿ ಓದುತ್ತೇನೆ.

ನಿನ್ನ
ಚೂಟಿ


ಮೇ 11

ಚೂಟಿ,

ತಡವಾಯಿತು. ನೀನು ಕೇಳಿದ ಪುಟ ಬರೆದುಕೊಡಲು ನನ್ನಿಂದ ಆಗುವುದಿಲ್ಲ. ಕಾರಣ ಕೇಳಬೇಡ.

ಇನ್ನೊಂದು ವಿಷಯ. ಛಾವಣಿ ಆಟದ ಬಯಲಲ್ಲ. ಹೋದ ವರ್ಷ ನನ್ನ ತಂಡದ ಒಬ್ಬ ಯುವಕ ಇಬ್ಬನಿ ಕೂತ ತಗಡಿನ ಮೇಲೆ ಜಾರಿದ. ಬದುಕಿದ, ಆದರೆ ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾನೆ. ಅವನು ಕಲಿತವನು. ಕಲಿತವರೂ ಜಾರುತ್ತಾರೆ. ಇನ್ನೊಂದು ವರ್ಷ ಮೇಡಂ ಬಳಿ ಕಲಿತು ಆಮೇಲೆ ಕೇಳಿದರೆ ಆಗುವುದಿಲ್ಲವೇ?

ಯೋಚನೆ ಮಾಡು.

ಮಾವ


ಮೇ 19

ಮಾನ್ಯ ಮಾವನವರಿಗೆ,

ನಿಮ್ಮ ಪತ್ರ ತಲುಪಿತು.

"ಇನ್ನೊಂದು ವರ್ಷ" ಎಂಬ ಮಾತನ್ನು ನಾವು ಸ್ಥಾವರ ಮುಚ್ಚಿದಂದಿನಿಂದ ಕೇಳುತ್ತಿದ್ದೇವೆ. ನಾವು ಕಾಯುವಷ್ಟರಲ್ಲಿ ಛಾವಣಿಗಳೆಲ್ಲ ತುಂಬಿರುತ್ತವೆ, ನಾವು ಕೆಳಗೆ ನಿಂತು ನೋಡುತ್ತಿರುತ್ತೇವೆ. ನಮ್ಮ ಕೈಲಿ ಆಗುವುದಿಲ್ಲ ಎಂದು ನಗರಸಭೆಯವರು ಹೇಳುತ್ತಾರೆಂದು ಗೊತ್ತಿತ್ತು. ನೀವೂ ಹೇಳುತ್ತೀರೆಂದು ಗೊತ್ತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರು ನೀವಲ್ಲ ಎಂದುಕೊಂಡಿದ್ದೆ.

ಅಮ್ಮ ಕ್ಷೇಮ.

ಇತಿ,
ನಿಮ್ಮ ಅಕ್ಕನ ಮಗಳು


ಜೂನ್ 6

ಚೂಟಿ,

"ನೀವು" ಎಂದು ಬರೆದಿದ್ದೀಯ. ಓದಿ ಹಿಂದಿರುಗಿ ನೋಡಿದೆ, ಯಾವ ದೊಡ್ಡ ಮನುಷ್ಯ ಬಂದು ನಿಂತನೋ ಎಂದು.

ಈ ಪಾರ್ಸೆಲಿನಲ್ಲಿರುವುದು ನನ್ನ ಸುರಕ್ಷತಾ ಬೆಲ್ಟು. ಹಳೆಯದು, ಆದರೆ ಕೊಕ್ಕೆಗಳು ಗಟ್ಟಿಯಾಗಿವೆ. ನನಗೆ ಹೊಸದು ಸಿಕ್ಕಿದೆ.

ಕಂಪನಿಯವರು ಸಭೆಯಲ್ಲಿ ಹೇಳುವುದು ಒಂದೇ ಮಾತು: ಅಪಾಯ. ಅಪಾಯವಿಲ್ಲ ಎಂದು ವಾದಿಸಬೇಡ, ಸೋಲುತ್ತೀಯ. ಅವರಿಗಿಂತ ಮೊದಲು ನೀನೇ ಹೇಳು. ಅಪಾಯ ಇದೆ, ಅದಕ್ಕಾಗಿಯೇ ಕಲಿಯುವ ದಿನಗಳಿಗೂ ಸಂಬಳ ಕೊಡಿ ಎನ್ನು. ಮನೆ ನಡೆಯದವನು ಅರ್ಧ ದಿನ ಕಲಿತು ಅರ್ಧ ದಿನ ಬೇರೆ ಕೂಲಿಗೆ ಓಡುತ್ತಾನೆ. ಬೀಳುವವನು ಅವನೇ. ಕೋಲು ಹಿಡಿದು ನಡೆಯುವ ಆ ಹುಡುಗನೂ ಹಾಗೆಯೇ ಕಲಿತವನು. ಹೋದ ಸಲ ಅದನ್ನು ನಾನು ಪೂರ್ತಿ ಬರೆಯಲಿಲ್ಲ.

ಇದನ್ನು ನಾನು ಹೇಳಿಕೊಟ್ಟೆ ಎಂದು ಯಾರ ಮುಂದೆಯೂ ಬಾಯಿ ಬಿಡಬೇಡ.

ಮಾವ


ಜುಲೈ 2

ಮಾವ,

ನಿನ್ನೆ ಅಹವಾಲು ಮುಗಿಯಿತು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಮಧ್ಯೆ ಬೈಯಬೇಕು ಅನ್ನಿಸಿದರೂ ತಡೆದುಕೊಂಡು ಓದು.

ಸಭಾಂಗಣ ತುಂಬಿತ್ತು. ಉದ್ದಣ್ಣ ಕೂರಲು ಜಾಗವಿಲ್ಲದೆ ಹಿಂದೆ ನಿಂತಿದ್ದ, ಎಲ್ಲರಿಗೂ ಕಾಣುತ್ತಿದ್ದ. ಅಮ್ಮ ಲಾಂಡ್ರಿಯಿಂದ ನೇರವಾಗಿ ಬಂದು ನನ್ನ ಪಕ್ಕ ಕೂತಳು. ಕೈಯೆಲ್ಲ ಸಾಬೂನಿನ ವಾಸನೆ. ಕಂಪನಿಯವರು ಮೊದಲು ಮಾತಾಡಿದರು. ಟೈ ಕಟ್ಟಿದ್ದವರು ಪರದೆಯ ಮೇಲೆ ಚಿತ್ರ ತೋರಿಸುತ್ತಾ, ನೀನು ಹೇಳಿದ ಹಾಗೆಯೇ ಅಪಾಯ, ಅಪಾಯ ಎಂದರು. ಆಮೇಲೆ ನಗುತ್ತಾ, "ಸ್ಥಳೀಯರಿಗೆ ಕೆಲಸ ಕೊಡಿ ಅಂತ ಕೇಳ್ತಿದಾರೆ. ನಮ್ಮ ಫೋರ್‌ಮನ್ನೇ ಈ ಊರಿನ ಕ್ವಾರ್ಟರ್ಸ್‌ನೋರು. ಎರಡು ವರ್ಷ ಇಲ್ಲೇ ಇದ್ದು ಕೆಲಸ ಮಾಡಿಸ್ತಾರೆ. ಇದಕ್ಕಿಂತ ಸ್ಥಳೀಯ ಏನು ಬೇಕು?" ಎಂದರು.

ಪರದೆಯ ಮೇಲೆ ನಿನ್ನ ಮುಖ ಬಂತು. ಹಳದಿ ಹೆಲ್ಮೆಟ್ಟು, ಬಿಸಿಲಿಗೆ ಕಿರಿದಾದ ಕಣ್ಣು. ಗೋಡೆಯಷ್ಟು ದೊಡ್ಡ ಮಾವ.

ನಾನು ಅಮ್ಮನ ಕಡೆ ತಿರುಗಿದೆ. ಅವಳು ಬೆಚ್ಚಿಬೀಳಲಿಲ್ಲ. ತಮ್ಮನ ಚಿತ್ರವನ್ನು ಕಣ್ತುಂಬ ನೋಡುತ್ತಾ ಕೂತಿದ್ದಳು, ಅಷ್ಟೆ.

"ಅಮ್ಮಾ, ನಿಂಗೆ ಗೊತ್ತಿತ್ತಾ?"

"ಮೊದ್ಲು ಮಾತಾಡಿ ಬಾ. ಆಮೇಲೆ ಕೇಳು."

ಅಷ್ಟರಲ್ಲಿ ಅಧ್ಯಕ್ಷೆ ನನ್ನನ್ನು ಕರೆದರು. ಎದ್ದು ಹೋದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ಮೈಕಿನ ಮುಂದೆ ನಿಂತಾಗ ಪರದೆಯ ಮೇಲೆ ನೀನು ಇನ್ನೂ ಇದ್ದೆ. ಅದರತ್ತ ಕೈ ಮಾಡಿ ಶುರುಮಾಡಿದೆ.

"ಅವರು ನನ್ನ ಮಾವ. ಅವರು ಬರ್ತಾರೆ ಅನ್ನೋದು ನನಗೂ ಈಗಲೇ ಗೊತ್ತಾಗಿದ್ದು. ಅವರಿಗೆ ನನ್ನ ವಯಸ್ಸಿದ್ದಾಗ ಏನೂ ಗೊತ್ತಿರಲಿಲ್ಲ. ಇದೇ ಊರಿನ ಸ್ಥಾವರ ಅವರನ್ನ ಕೆಲಸಕ್ಕೆ ತಗೊಂಡು, ಸಂಬಳ ಕೊಟ್ಟು ಕಲಿಸ್ತು. ಅದಕ್ಕೇ ಇವತ್ತು ಕಂಪನಿ ಅವರ ಫೋಟೋನ ಹೆಮ್ಮೆಯಿಂದ ಗೋಡೆ ಮೇಲೆ ಹಾಕಿದೆ. ನಾವು ಬೇರೇನೂ ಕೇಳ್ತಿಲ್ಲ. ಅವರಿಗೆ ಸಿಕ್ಕಿದ್ದು ನಮಗೂ ಸಿಗಲಿ."

ನಮ್ಮವರು ಚಪ್ಪಾಳೆ ತಟ್ಟಿದರು, ಅಮ್ಮನೂ. ಅಧ್ಯಕ್ಷೆ, "ಯಾರಾದರೂ ಬಿದ್ದರೆ ಹೊಣೆ ಯಾರಮ್ಮ?" ಎಂದು ಕೇಳಿದರು. ಉದ್ದಣ್ಣನನ್ನು ಮುಂದೆ ಕರೆದು ನೀನು ಕಳಿಸಿದ ಬೆಲ್ಟು ತೊಡಿಸಿ, ಯಾವ ಕೊಕ್ಕೆ ಎಲ್ಲಿಗೆ, ಯಾಕೆ ಎಂದು ತೋರಿಸಿದೆ. "ಹೊಟ್ಟೆಪಾಡಿಗೆ ಓಡಾಡ್ತಾ ಅರ್ಧ ಕಲಿತೋರು ಬೀಳ್ತಾರೆ ಮೇಡಂ. ಪೂರ್ತಿ ಕಲಿಯೋ ಹಾಗೆ ಮಾಡಿ" ಎಂದೆ. ಅವರು ಅದನ್ನು ಬರೆದುಕೊಂಡರು. ತೀರ್ಮಾನ ಸೆಪ್ಟೆಂಬರಿನಲ್ಲಂತೆ. ಹೊರಗೆ ಬಂದಾಗ ವರ್ಕ್‌ಶಾಪ್ ಮೇಡಂ ಕನ್ನಡಕ ಒರೆಸುತ್ತಿದ್ದರು. ಎಲ್ಲಿ ಓರೆಯಾಯಿತೋ ಎಂದು ಹೆದರಿದೆ. ಈ ಸಲ ಅದು ಬೇರೆ ಕಾರಣಕ್ಕೆ.

ದಾರಿಯಲ್ಲಿ ಅಮ್ಮ ಹೇಳಿದಳು. ಕೆಲಸದ ಮೇಲೆ ಇಲ್ಲಿಗೇ ಬರಬಹುದು ಎಂದು ನೀನು ಜನವರಿಯಲ್ಲೇ ಫೋನ್ ಮಾಡಿ ತಿಳಿಸಿದ್ದೆಯಂತೆ. ತಿಳಿನೀಲಿ ಕೋಣೆ ನಿನಗಂತೆ. ಷರತ್ತು ಬಂದರೆ ನಿನ್ನ ಕಂಪನಿ ಹಿಂದೆ ಸರಿಯುತ್ತದೆ, ನೀನು ಬರುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತಂತೆ. ನಾನು ಬೀದಿಯಲ್ಲೇ ನಿಂತುಬಿಟ್ಟೆ.

"ಮತ್ತೆ ಯಾಕಮ್ಮ ಹೇಳ್ಲಿಲ್ಲ? ಸುಮ್ಮನೆ ಕೂತು ಚಪ್ಪಾಳೆ ಬೇರೆ ತಟ್ಟಿದ್ಯಲ್ಲ."

ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. "ನನ್ನ ತಮ್ಮ ಒಬ್ಬ ಮನೆಗೆ ಬರ್ತಾನೆ ಅಂತ ಊರಿನ ಮಕ್ಕಳೆಲ್ಲಾ ಊರು ಬಿಡ್ಬೇಕಾ? ಅವನನ್ನ ಕಳಿಸಿ ನೋಡಿದೀನಿ ಕಣೆ. ಅದು ಹೇಗಿರುತ್ತೆ ಅಂತ ನಂಗೊತ್ತು."

ಮನೆಗೆ ಬಂದ ಮೇಲೆ, "ನಿನ್ನ ಬೋರ್ಡುಗಳನ್ನ ಮೇಲಿನ ಕೋಣೇಲೇ ಇಟ್ಕೊ. ಮೆಟ್ಟಿಲ ಕೆಳಗೆ ಕಾಲಿಗೆ ತೊಡರುತ್ತೆ" ಎಂದಳು.

'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ನನ್ನ ಅಳತೆಗೇ ಹೊಲಿಸಿದ ಅಂಗಿಯಂತಿದೆ. ನೀನು ಯಾಕೆ ಹೇಳಲಿಲ್ಲ ಮಾವ?

ಚೂಟಿ


ಜುಲೈ 20

ನನ್ನ ಚೂಟಿ,

ಮಾರಿ ಎಂದು ಇನ್ನೊಮ್ಮೆ ಬರೆದರೆ ಕಿವಿ ಹಿಂಡುತ್ತೇನೆ.

ಮೊದಮೊದಲು ಹೇಳದೇ ಇದ್ದದ್ದು ಆಸೆಯಿಂದ. ಒಂದು ದಿನ ಇದ್ದಕ್ಕಿದ್ದಂತೆ ಬಾಗಿಲು ತಟ್ಟಬೇಕು, ನೀನು ತೆರೆಯಬೇಕು ಎಂದಿತ್ತು. ನಿನ್ನ ಫೆಬ್ರವರಿಯ ಕಾಗದ ಬಂದ ಮೇಲೆ ಅಕ್ಕನಿಗೆ ಫೋನ್ ಮಾಡಿ ಏನು ಮಾಡಲಿ ಎಂದು ಕೇಳಿದೆ. ಅವಳು, "ಬಾಯಿ ಮುಚ್ಕೊಂಡಿರು. ಅವಳಿಗೆ ಗೊತ್ತಾದ್ರೆ ಮಾತು ತೊದಲುತ್ತೆ" ಎಂದಳು. ಆದರೂ ಅವಳು ಕೋಣೆಗೆ ಬಣ್ಣ ಬಳಿದದ್ದು ನಿನ್ನ ಕಾಗದದಿಂದಲೇ ನನಗೆ ತಿಳಿದದ್ದು. ನನಗೆ ಹೇಳಿರಲಿಲ್ಲ. ಎರಡೂ ಕಡೆಯ ಆಸೆಯನ್ನು ಒಬ್ಬಳೇ ಹೊತ್ತು ಓಡಾಡಿದಳು ನೋಡು. ಅವಳಷ್ಟು ದೊಡ್ಡ ಮನಸ್ಸಿನವರನ್ನು ನಾನು ಇಷ್ಟು ಊರು ತಿರುಗಿಯೂ ಕಂಡಿಲ್ಲ.

ಮೇ ತಿಂಗಳ ನನ್ನ ಕಾಗದದಲ್ಲಿ ಅರ್ಧ ನಿನ್ನ ಬಗ್ಗೆ ಭಯವಿತ್ತು. ಇನ್ನರ್ಧ, ನೀನು ಸೋತರೆ ನಾನು ಮನೆಗೆ ಬರಬಹುದು ಎಂಬ ಆಸೆ. ನೀನು ಅದನ್ನು ಅಡ್ಡಗೋಡೆಯ ದೀಪ ಎಂದೆ. ಸರಿಯಾಗಿಯೇ ಹೇಳಿದೆ.

ಅಹವಾಲಿನ ಮರುದಿನ ಮ್ಯಾನೇಜರ್ ಕರೆಸಿದರು.

"ಆ ಹುಡುಗಿ ನಿನಗೆ ಏನಾಗ್ಬೇಕು?"

"ಅಕ್ಕನ ಮಗಳು ಸಾರ್."

"ನೀನೇ ಹೇಳಿಕೊಟ್ಟಿದ್ದಾ?"

"ಸಂಬಳದ ಮಾತು ಒಂದು ನನ್ನದು. ಉಳಿದಿದ್ದೆಲ್ಲ ಅವಳದೇ. ನನಗೆ ಅಷ್ಟು ಬಾಯಿ ಇದ್ದಿದ್ರೆ ಸ್ಥಾವರ ಮುಚ್ಚಿದಾಗಲೇ ಮಾತಾಡ್ತಿದ್ದೆ."

ಅವರು ಕಿಟಕಿಯ ಹೊರಗೆ ನೋಡಿದರು. "ಚೆನ್ನಾಗಿ ಮಾತಾಡಿದ್ಳಂತೆ" ಎಂದರು. ಕೆಲಸಕ್ಕೇನೂ ಕುತ್ತು ಬಂದಿಲ್ಲ, ಹೆದರಬೇಡ.

ನಾನು ಆ ದಿನವಿಡೀ ಪ್ಯಾನೆಲ್ ಕೂರಿಸುತ್ತಾ, ನನ್ನ ಚಿತ್ರದ ಮುಂದೆ ನಿಂತು ನನ್ನ ವಿರುದ್ಧವೇ ಗೆಲ್ಲುವಂತೆ ಮಾತಾಡಿದ ಹುಡುಗಿಯನ್ನು ನೆನೆದು ನಗುತ್ತಿದ್ದೆ. ಹುಡುಗರಿಗೆ ನನಗೆ ಬಿಸಿಲು ತಗುಲಿದೆ ಎಂದೇ ಅನುಮಾನ.

ಮಾವ


ಸೆಪ್ಟೆಂಬರ್ 18

ಮಾವ,

ಗೆದ್ದೆವು. ಅರ್ಧ ಕೇಳಿದ್ದೆವು, ಮೂರರಲ್ಲಿ ಒಂದು ಪಾಲು ಕೊಟ್ಟರು. ಆದರೆ ಕಲಿಯುವ ದಿನಗಳಿಗೂ ಪೂರ್ತಿ ಸಂಬಳ, ಕೊನೆಗೆ ಸರ್ಟಿಫಿಕೇಟು. ಮೇಡಂ ಶೆಡ್ಡಿಗೇ ಮಾನ್ಯತೆ ಸಿಕ್ಕಿದೆ. ಉದ್ದಣ್ಣ ಪಾರ್ಸೆಲ್ ಚೀಲವನ್ನು ಏಜೆನ್ಸಿಯ ಮೇಜಿನ ಮೇಲೆ ಇಟ್ಟು, "ನಿಮ್ದೇ ಪಾರ್ಸೆಲ್ಲು, ಸಹಿ ಹಾಕಿ" ಎಂದು ಬಂದನಂತೆ.

ನಿನ್ನ ಕಂಪನಿ ಹಿಂದೆ ಸರಿಯಿತು, ಸಣ್ಣದೊಂದು ಕಂಪನಿಗೆ ಕೆಲಸ ಹೋಯಿತು. ಅವರಿಗೆ ಫೋರ್‌ಮನ್ ಬೇಕೇ ಎಂದು ನಾನೇ ಹೋಗಿ ಕೇಳಿದೆ. ಮೊದಲಿನಿಂದ ಇರುವವರು ಇದ್ದಾರೆ. ಹೆಂಗಸು. ಕೆಲಸದಲ್ಲಿ ನಿನ್ನಷ್ಟೇ ಗಟ್ಟಿ, ಮಾತಿನಲ್ಲಿ ನಿನ್ನಷ್ಟೇ ಜಿಪುಣಿ. ಅವರ ಕೆಲಸ ಕಿತ್ತು ನಿನಗೆ ಕೊಡಿಸೋಣವೆಂದರೆ ಮನಸ್ಸು ಒಪ್ಪಲಿಲ್ಲ.

ಓಣಿಯಲ್ಲಿ ಎಲ್ಲರೂ ಕುಣಿದರು. ನಾನೂ ಕುಣಿದೆ. ಒಳಗೆ ಬಂದಾಗ ಅಮ್ಮ ಮುಖ ತೊಳೆಯುತ್ತಿದ್ದಳು, ಬಹಳ ಹೊತ್ತು ತೊಳೆದಳು. ಆಮೇಲೆ ಹೊರಗೆ ಬಂದು ಅವಳೂ ಕುಣಿದಳು, ಬೆನ್ನುನೋವಿನವಳು.

ಚೂಟಿ


ನವೆಂಬರ್ 25

ಚೂಟಿ,

ನನ್ನನ್ನು ಬಂದರಿನ ಊರೊಂದಕ್ಕೆ ಹಾಕಿದ್ದಾರೆ. ಎಲ್ಲಕ್ಕೂ ಉಪ್ಪುಗಾಳಿ, ಸ್ಕ್ರೂಗಳು ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯುತ್ತವೆ. ಶಾಲೆಯೊಂದರ ಮುಂದೆ ಲಾರಿಯಿಂದ ಪ್ಯಾನೆಲ್ ಇಳಿಸುತ್ತಿದ್ದೆವು. ಗೇಟಿನ ಆಚೆ ನಿನ್ನ ವಯಸ್ಸಿನವರು ಕೆಲವರು ನಿಂತು ನೋಡುತ್ತಿದ್ದರು. ಪ್ರತಿ ಊರಿನಲ್ಲೂ ನಿಲ್ಲುತ್ತಾರೆ. ಇಷ್ಟು ವರ್ಷ ನಾನು ಅವರನ್ನು ಕಂಡೂ ಕಾಣದವನ ಹಾಗೆ ಇದ್ದೆ. ಅವರಲ್ಲೊಬ್ಬಳು, "ಇದನ್ನ ಕಲಿಯೋಕೆ ಏನು ಓದಿರ್ಬೇಕು ಸಾರ್?" ಎಂದು ಕೇಳಿದಳು. "ಆಫೀಸಲ್ಲಿ ಕೇಳಮ್ಮ" ಎನ್ನುವುದು ನನ್ನ ಮಾಮೂಲಿ ಉತ್ತರ. ಈ ಸಲ ನಾಲಿಗೆ ತಿರುಗಲಿಲ್ಲ.

ಮ್ಯಾನೇಜರ್ ಹತ್ತಿರ ಹೋದೆ. ಊರಿನ ಕೆಲವರನ್ನು ಸಂಬಳ ಕೊಟ್ಟು ಕಲಿಸೋಣ, ಹೊಣೆ ನನ್ನದು ಎಂದೆ. ಅವರು ತಲೆ ಹಿಡಿದುಕೊಂಡರು. "ನಿಮ್ಮ ಮನೆಯವರಿಗೆಲ್ಲ ಇದೊಂದು ಚಟ ಆಯ್ತಲ್ಲಯ್ಯ." ಕೊನೆಗೆ ನಾಲ್ವರಿಗೆ ಒಪ್ಪಿದರು. ಆ ಹುಡುಗಿ ನಿನ್ನ ಹಾಗೆಯೇ ಒಂದಕ್ಕೆ ಹತ್ತು ಪ್ರಶ್ನೆ ಕೇಳುತ್ತಾಳೆ. ಓರೆ ಸ್ಕ್ರೂ ಬಿಚ್ಚಿಸಿದರೆ ಮುಖ ಊದಿಸಿಕೊಳ್ಳುತ್ತಾಳೆ, ಆದರೆ ಮತ್ತೆ ನೆಟ್ಟಗೆ ಹಾಕುತ್ತಾಳೆ.

ನೀನು ಸಭೆಯಲ್ಲಿ ಕೇಳಿದ್ದು ನಿಮ್ಮ ಊರಿಗೆ ಮಾತ್ರ ಎಂದುಕೊಂಡಿದ್ದೀಯ. ಅಲ್ಲ.

ಮಾವ


ಜನವರಿ 30

ಪ್ರೀತಿಯ ಮಾವ,

ಆಸ್ಪತ್ರೆಯ ಛಾವಣಿ ಮುಗಿಯಿತು. ನನ್ನ ಕೈಯಾರೆ ಕೂರಿಸಿದ ಮೊದಲನೆಯ ಸಾಲು ಅಲ್ಲಿದೆ, ಒಂದೂ ಓರೆಯಿಲ್ಲ. ಬೇಕಾದರೆ ಬಂದು ನೋಡು. ಮೊದಲ ದಿನ ಮೇಲೆ ಹತ್ತಿ ಕೆಳಗೆ ನೋಡಿದಾಗ ಬೆಲ್ಟಿನ ಕೊಕ್ಕೆಯನ್ನು ಎರಡೆರಡು ಸಲ ಎಳೆದು ನೋಡಿಕೊಂಡೆ. ಉದ್ದಣ್ಣನಂತೂ ಜೀವನದಲ್ಲಿ ಮೊದಲ ಬಾರಿಗೆ ಕುಳ್ಳಗಾದ, ಇಡೀ ದಿನ ಬಗ್ಗಿಕೊಂಡೇ ಓಡಾಡಿದ.

ಅಮ್ಮನ ಲಾಂಡ್ರಿ ಅದೇ ಕಟ್ಟಡದ ಕೆಳಗಿದೆ. ಇಷ್ಟು ವರ್ಷ ಅಲ್ಲಿ ದುಡಿದಿದ್ದರೂ ಅವಳು ಒಮ್ಮೆಯೂ ಛಾವಣಿ ಹತ್ತಿರಲಿಲ್ಲ. ನಿನ್ನೆ ಪ್ಯಾನೆಲ್ಲಿನ ಕರೆಂಟಿನಲ್ಲಿ ಅವಳ ದೊಡ್ಡ ತೊಳೆಯುವ ಯಂತ್ರ ತಿರುಗಿತು. ಬಿಡುವಿನಲ್ಲಿ ಅವಳನ್ನು ಮೇಲೆ ಕರೆತಂದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಸಾಲುಗಳನ್ನು ನೋಡಿದಳು. ಮಡಿಸಿದ ಹಾಸಿಗೆ ಹೊದಿಕೆಗಳನ್ನು ಪರೀಕ್ಷಿಸುವ ಹಾಗೆ ಅಂಚಿನ ಮೇಲೆ ಬೆರಳಾಡಿಸಿದಳು. "ನೆಟ್ಟಗಿದೆ" ಎಂದಳು. ಅಮ್ಮನ ಬಾಯಲ್ಲಿ ಅದು ಎಷ್ಟು ದೊಡ್ಡ ಮಾತು ಎಂದು ನಿನಗೇ ಗೊತ್ತು.

ಆಮೇಲೆ ಕೇಳಿದಳು, "ಇಲ್ಲಿಂದ ನಿನ್ನ ಮಾವ ಇರೋದು ಯಾವ ಕಡೆ?"

ಪ್ಯಾನೆಲ್ ಕೂರಿಸುವವರಿಗೆ ದಿಕ್ಕು ತಪ್ಪುವುದಿಲ್ಲ ಮಾವ. ದಕ್ಷಿಣಕ್ಕೆ ಬೆನ್ನು ಮಾಡಿ ನಿಂತು, ನೀರಿನ ಟ್ಯಾಂಕಿನ ಬಲಕ್ಕೆ, ಮೂರು ಮಹಡಿಯ ಶಾಲೆಯ ಆಚೆಗೆ ಕೈ ತೋರಿಸಿದೆ. "ಆ ಕಡೆ. ಬಹಳ ದೂರ."

ಅಮ್ಮ ಕೈಯನ್ನು ಹುಬ್ಬಿನ ಮೇಲಿಟ್ಟುಕೊಂಡು ಆ ಕಡೆ ನೋಡುತ್ತಾ ನಿಂತಳು. ಉದ್ದಣ್ಣ ಡ್ರಿಲ್ ನಿಲ್ಲಿಸಿದ. ಅವಳು ಅಳಲಿಲ್ಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಅಲ್ಲೂ ಇಂಥದೇ ಬಿಸಿಲಿರುತ್ತೆ. ಟೋಪಿ ಹಾಕ್ಕೊ ಅಂತ ಬರಿ" ಎಂದು ಹೇಳಿ ಕೆಳಗಿಳಿದಳು.

ಟೋಪಿ ಹಾಕಿಕೊ ಮಾವ.

ನಿನ್ನ
ಚೂಟಿ